ಚೊಂಬು ಕಲಿಸಿದ ಸಾರ್

ಮಧ್ಯಾಹ್ನ ಊಟ ಮುಗಿಸಿ ಬಂದ ಪಕ್ಕದ ಸೀಟಿನ ಹುಡುಗಿ ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಂಡಳು. ರಾಜರಾಜೇಶ್ವರಿನಗರದ ನಮ್ಮ ಆಫೀಸಿನಲ್ಲಿ ಇದೇನೂ ಹೊಸತಲ್ಲ. ಇಡೀ ದಿನ ಮೌಸ್ ಹಿಡಿದು ಕಂಪ್ಯೂಟರ್ ಆಟಗಳಿಗೆ ಮನೆ, ಮರ, ಮಂಚ ಮಾಡುವವರ ಕೈ ಇನ್ನೇನಾಗುತ್ತದೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ತ್ರೀಡಿ ಕಲಿಸಿದ ಸಾರ್ ನೆನಪಾದರು. ಅವರು ಬಾಗಿಲು ದಾಟುವ ಮೊದಲೇ ಅವರ ಮುಲಾಮು ಕ್ಲಾಸಿನೊಳಗೆ ಬಂದಿರುತ್ತಿತ್ತು...

ವಿಜಯನಗರದಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿತ್ತು ನಮ್ಮ ಟ್ರೈನಿಂಗ್ ಸೆಂಟರ್. ನಾವೆಲ್ಲ ಹೋದ ದಿನವೇ ಡೈನೋಸಾರ್ ಮಾಡುತ್ತೇವೆ ಅಂದುಕೊಂಡಿದ್ದವರು. ಸಾರ್ ಮಾಡಿಸಿದ್ದು ಒಂದು ಡಬ್ಬ. "ಪ್ರಪಂಚದಲ್ಲಿರೋದೆಲ್ಲ ಮೊದ್ಲು ಡಬ್ಬಾನೇ ಕಣ್ರಪ್ಪಾ," ಅಂದರು. ಡಬ್ಬಕ್ಕೆ ಮೂಲೆ, ಅಂಚು, ಮುಖ. ಒಂದು ಮುಖ ಹಿಡಿದು ಎಳೆದರೆ ಗೋಡೆ, ಒಳಕ್ಕೆ ತಳ್ಳಿದರೆ ಗೂಡು. ಅದಾದ ಮೇಲೆ ಕೊಳವೆ, ಕೊಳವೆಯಿಂದ ಚೊಂಬು. ವಾರಗಟ್ಟಲೆ ಚೊಂಬೇ. ಫೀಸು ಕಟ್ಟಿದ್ದಕ್ಕೆ ಸರಿಯಾಗಿ ಚೊಂಬು ಕೊಟ್ಟರು ಎಂದು ಹುಡುಗರು ಆಡಿಕೊಂಡು ನಗುತ್ತಿದ್ದರು.

ಸಾರ್ ಪದೇ ಪದೇ ಹೇಳುತ್ತಿದ್ದದ್ದು ಒಂದೇ ಎಚ್ಚರಿಕೆ. ಮುಖವನ್ನು ಎಳೆಯಲು ಕ್ಲಿಕ್ ಮಾಡಿ, ಎಳೆಯದೆ ಅಲ್ಲೇ ಬಿಟ್ಟರೆ, ಅದೇ ಜಾಗದಲ್ಲಿ ಇನ್ನೊಂದು ಮುಖ ಅಂಟಿಕೊಂಡು ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕೊನೆಗೆ ಆಕಾರವನ್ನು ನುಣುಪು ಮಾಡುವಾಗ ಅಲ್ಲೊಂದು ಸುಕ್ಕು ಏಳುತ್ತದೆ.

ಅವರು ಮಾತ್ರ ಮೌಸ್ ಮುಟ್ಟುತ್ತಿದ್ದದ್ದೇ ಅಪರೂಪ. ನಮ್ಮ ಹಿಂದೆ ನಿಂತು ಬಾಯಲ್ಲೇ ಹೇಳಿ ಮಾಡಿಸುತ್ತಿದ್ದರು. ಅದು ಪಾಠದ ಒಂದು ರೀತಿ ಅಂದುಕೊಂಡಿದ್ದೆ. ಒಂದು ದಿನ ಎಲ್ಲರೂ ಕಾಫಿಗೆ ಇಳಿದಾಗ, ಅವರ ಬಲಗೈ ಮೇಜಿನ ಮೇಲೆ ತಾನೇ ತಾನಾಗಿ ನಡುಗುತ್ತಿದ್ದದ್ದು ಕಂಡೆ. ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

"ಮಾಲೀಕರ ಕಿವಿಗೆ ಹಾಕ್ಬೇಡಮ್ಮ. ಮುಲಾಮು ಹಚ್ತಾ ಇದೀನಿ, ಆದ್ರೆ ಇದು ಅದಕ್ಕೆಲ್ಲ ಬಗ್ಗೋ ಕಾಯಿಲೆ ಅಲ್ಲ. ಈ ಕ್ಲಾಸೂ ಹೋದ್ರೆ ಮನೇಲಿ ಗೋಡೆ ನೋಡ್ಕೊಂಡು ಕೂರ್ಬೇಕು, ಅಷ್ಟೆ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಹೊಸ ಅಡ್ಮಿಷನ್ ಶುರುವಾದಾಗ ಮಾಲೀಕರು ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿ, "ಸಾರ್, ಒಂದ್ ಚೊಂಬು ಮಾಡಿ ತೋರ್ಸಿ," ಅಂದರು. "ನಾನು ಮಾಡ್ಲಾ ಸಾರ್?" ಎಂದು ಎದ್ದೆ. "ಕೂತ್ಕೋಮ್ಮ," ಅಂದರು ಸಾರ್. ಅವರೇ ಮಾಡಿದರು, ನಿಧಾನಕ್ಕೆ, ಬಲಗೈ ಮೇಲೆ ಎಡಗೈ ಒತ್ತಿಟ್ಟುಕೊಂಡು. ಚೊಂಬು ಚೆನ್ನಾಗಿಯೇ ಬಂತು. ಕೊನೆಗೆ ನುಣುಪು ಮಾಡಿದರು... ಕಂಠದ ಹತ್ತಿರ ಸುಕ್ಕು ಎದ್ದಿತು. ನಡುವೆ ಎಲ್ಲೋ ಕೈ ನಡುಗಿ ಒಂದು ಕ್ಲಿಕ್ ಹೆಚ್ಚಾಗಿತ್ತು.

ಬಂದವರಿಗೆ ಅದೇನೂ ತಿಳಿಯಲಿಲ್ಲ. ಮಾಲೀಕರು ಸ್ಕ್ರೀನ್ ಬಿಟ್ಟು ಸಾರ್ ಕೈಯನ್ನೇ ನೋಡುತ್ತಿದ್ದರು. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸಾರ್," ಅಂದರು ಆಮೇಲೆ, ಒಳ್ಳೆಯ ಮಾತಿನಲ್ಲೇ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕೆಂಗೇರಿ ಉಪನಗರದ ಮನೆಯಲ್ಲಿ ಅವರು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ, ಯಾರದೋ ಬಾಯಿಂದ ಬಂತು. ತುಂಬ ಸಂಕಟವಾಯಿತು.

ಮೊನ್ನೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ತೋರಿಸಿದರು. ಏನು ಬೇಕೋ ಬಾಯಲ್ಲಿ ಹೇಳಿದರೆ ಸಾಕು, ಆಕಾರ ಎದ್ದು ನಿಲ್ಲುತ್ತದೆ, ಮೌಸೇ ಬೇಡ. ಎಲ್ಲರೂ ತಮ್ಮ ತಮ್ಮ ಅನ್ನದ ಯೋಚನೆಯಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದರು. ನನ್ನ ಯೋಚನೆ ಮಾತ್ರ ಸಾರ್ ಕಡೆಗೆ ಹೋಗಿತ್ತು. ಸಾರ್‌ಗೆ ನಡುಗುತ್ತಿದ್ದದ್ದು ಕೈ ಒಂದೇ, ಮಾತು ಒಂದು ದಿನವೂ ನಡುಗಿರಲಿಲ್ಲ. ಇದು ಆಗಲೇ ಬಂದಿದ್ದರೆ ಅವರು ಇನ್ನೂ ಒಂದಷ್ಟು ವರ್ಷ ಕ್ಲಾಸಿಗೆ ಬರುತ್ತಿದ್ದರು.