ಥೋರಾಳ ಅಡುಗೆಮನೆಗೆ ಬಂದ ಕೈದಿಗಳು

ಥೋರಾ ಲಿಂಡ್‌ವಾಲ್‌ಳ ಅಡುಗೆಮನೆಗೂ ಜೈಲಿಗೂ ನಡುವೆ ಇದ್ದದ್ದು ಒಂದೇ ಒಂದು ಕಬ್ಬಿಣದ ಬಾಗಿಲು. ಅತ್ತ ಕೈದಿಗಳ ಕೋಣೆಗಳು, ಇತ್ತ ಅವಳ ಸೌದೆ ಒಲೆ, ಹಿಟ್ಟಿನ ಡಬ್ಬ, ಕಿಟಕಿಯಲ್ಲಿ ಒಂದು ಹೂವಿನ ಕುಂಡ. ದಕ್ಷಿಣ ಡಕೋಟಾದ ಆ ಪುಟ್ಟ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಆಗೆಲ್ಲ ಪದ್ಧತಿಯೇ ಹಾಗಿತ್ತು. ಜನ ಓಟು ಹಾಕಿ ಗಂಡನನ್ನು ಶೆರಿಫ್, ಅಂದರೆ ಪೊಲೀಸೂ ಜೈಲೂ ನೋಡಿಕೊಳ್ಳುವ ಅಧಿಕಾರಿ, ಮಾಡುತ್ತಿದ್ದರು. ಹೆಂಡತಿ ಯಾರ ಓಟೂ ಇಲ್ಲದೆ ಕೈದಿಗಳಿಗೆ ಬೇಯಿಸಿ ಹಾಕುವವಳು, ಬಟ್ಟೆ ಒಗೆಯುವವಳು, ಹೆಂಗಸು ಕೈದಿ ಬಂದರೆ ಕಾವಲು ಕೂರುವವಳು, ಎಲ್ಲವೂ ಆಗುತ್ತಿದ್ದಳು.

ಥೋರಾಳದು ಮೊದಲಿನಿಂದಲೂ ಪುಕ್ಕಲು ಜೀವ. ಹುಟ್ಟಿದೂರಲ್ಲಿ ಕೋಳಿ ಕುಯ್ಯುವುದನ್ನೂ ನೋಡಲಾರದೆ ಒಳಗೆ ಓಡುತ್ತಿದ್ದವಳು. ಜೈಲಿನ ಮನೆಗೆ ಬಂದು ಆರು ವರ್ಷವಾದರೂ ತಟ್ಟೆಯನ್ನು ಕಿಂಡಿಯಲ್ಲಿ ತೂರಿಸುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ವರ್ಷಕ್ಕೊಮ್ಮೆ ಜಡ್ಜ್ ಬಂದು ಜೈಲು ನೋಡಿ, ಗಂಡ ಹೆಂಡಿರನ್ನು ನಿಲ್ಲಿಸಿಕೊಂಡು ಕಾನೂನು ಹೇಳಿ ಹೋಗುತ್ತಿದ್ದರು. ಕೈದಿಗೆ ಹೊಟ್ಟೆ ತುಂಬ ಊಟ ಹಾಕಬೇಕು. ಬೆಚ್ಚಗಿಡಬೇಕು. ಕಾಯಿಲೆ ಬಿದ್ದರೆ ಡಾಕ್ಟರನ್ನು ಕರೆಸಬೇಕು. ಶೆರಿಫನೋ ಅವನ ಸಹಾಯಕನೋ ಎದುರಿಗಿಲ್ಲದೆ ಗಂಡಸರ ಕೋಣೆಯ ಬೀಗ ತೆಗೆಯಕೂಡದು. ಒಬ್ಬ ಕೈದಿ ತಪ್ಪಿಸಿಕೊಂಡರೂ ಶೆರಿಫನೇ ಕೋರ್ಟಿನಲ್ಲಿ ಉತ್ತರ ಕೊಡಬೇಕು. ಥೋರಾ ಇದನ್ನೆಲ್ಲ ಭಾನುವಾರದ ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು.

ಆ ಜನವರಿಯ ಮಂಗಳವಾರ ಬೆಳಿಗ್ಗೆ ಆಕಾಶ ಸೀಸದ ಹಾಗೆ ಕಪ್ಪಿಟ್ಟಿತು. ಶಾಲೆಯ ಬಸ್ಸೊಂದು ಮಕ್ಕಳ ಸಮೇತ ಹಿಮದಲ್ಲಿ ಸಿಕ್ಕಿಕೊಂಡಿದೆ ಎಂದು ಫೋನ್ ಬಂತು. ಅವಳ ಗಂಡ ಆರ್ವಿಡ್ ಸಹಾಯಕನನ್ನೂ ಹತ್ತಿಸಿಕೊಂಡು ಹೊರಟ. "ಮಧ್ಯಾಹ್ನದೊಳಗೆ ಬಂದ್ಬಿಡ್ತೀವಿ. ಬೀಗದ ಕೈ ಮೊಳೇಲಿದೆ, ಮುಟ್ಟೋ ಕೆಲಸ ಬರಲ್ಲ ಬಿಡು," ಎಂದು ಟೋಪಿ ಎಳೆದುಕೊಂಡ. ಅವನು ಹೋದ ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಅಂಗಳದಾಚೆಯ ಕೋರ್ಟು ಕಟ್ಟಡ ಕಣ್ಣಿಗೆ ಕಾಣದಾಯಿತು. ಫೋನ್ ಸತ್ತಿತು.

ಜೈಲನ್ನು ಬೆಚ್ಚಗಿಡುವ ದೊಡ್ಡ ಒಲೆ ನೆಲಮಾಳಿಗೆಯಲ್ಲಿತ್ತು. ಹಿಂದಿನ ದಿನ ಬರಬೇಕಿದ್ದ ಕಲ್ಲಿದ್ದಲು ಬಂದಿರಲಿಲ್ಲ. ಕೊನೆಯ ಸಲಿಕೆಯಷ್ಟನ್ನು ಸುರಿದು ಥೋರಾ ಮೇಲೆ ಬಂದಾಗ ಕೈದಿಗಳ ಗೋಡೆಯ ಮೇಲೆ ಆಗಲೇ ಹೆಪ್ಪುಗಟ್ಟಿದ ಬಿಳಿ ಹಿಮ ಹೊಳೆಯುತ್ತಿತ್ತು.

ಇದ್ದವರು ಇಬ್ಬರು, ಒಂದೇ ಕೋಣೆಯಲ್ಲಿ. ಒಬ್ಬ ಮಿಲೊ, ಚಳಿಗಾಲ ಬಂತೆಂದರೆ ಕುಡಿದು ಬೀದಿಯಲ್ಲಿ ಬಿದ್ದು ತಾನಾಗಿಯೇ ಜೈಲು ಸೇರುವ ಮುದುಕ. ಇನ್ನೊಬ್ಬ ಡೆಲ್ಬರ್ಟ್ ರೂಕ್, ಭಾವನ ಹೊಟ್ಟೆಗೆ ಚಾಕು ಹಾಕಿದ ಆರೋಪದ ಮೇಲೆ ವಿಚಾರಣೆ ಕಾಯುತ್ತಿದ್ದವನು. ಬಾಗಿಲಿನಷ್ಟು ಅಗಲದ ಆಳು, ಮಾತು ಕಡಿಮೆ. ಥೋರಾ ಅವನ ಮುಖ ನೋಡಿ ತಟ್ಟೆ ಕೊಟ್ಟದ್ದೇ ಇಲ್ಲ.

"ಅಮ್ಮಾ," ಡೆಲ್ಬರ್ಟ್ ಸರಳಿನಾಚೆಯಿಂದ ಕೂಗಿದ, "ಮುದುಕ ನಡುಗೋದು ನಿಲ್ಸಿದ್ದಾನೆ. ನನ್ನ ಕಂಬಳೀನೂ ಹೊದಿಸಿದೀನಿ. ನಡುಗೋದು ನಿಂತ್ರೆ ಒಳ್ಳೇದಲ್ಲ."

ಥೋರಾ ಬಗ್ಗಿ ನೋಡಿದಳು. ಮಿಲೊನ ತುಟಿ ನೀಲಿಯಾಗಿತ್ತು.

ಅಡುಗೆಮನೆಗೆ ಬಂದು ಮೊಳೆಯ ಕೆಳಗೆ ನಿಂತಳು. ಕೈ ಎತ್ತಿದಳು, ಇಳಿಸಿದಳು. ಒಲೆಯ ಪಕ್ಕ ಕಾಲುಚೀಲ ಹೆಣೆಯುತ್ತಿದ್ದ ಅತ್ತೆ ಹುಲ್ಡಾ ಕನ್ನಡಕದ ಮೇಲಿಂದ ನೋಡಿದಳು.

"ಏನು ಹಾಗೆ ನಿಂತೆ, ಗೋಡೆಗೆ ಬಣ್ಣ ಹೊಡೀತೀಯಾ?"

"ಬೀಗ ತೆಗೆಯೋ ಹಾಗಿಲ್ಲ ಅತ್ತೆ. ತೆಗೀದಿದ್ರೆ ಮುದುಕ ಉಳಿಯಲ್ಲ. ಅವನನ್ನ ಎತ್ತಿ ತರೋಕೆ ನನ್ನಿಂದಾಗಲ್ಲ, ಇನ್ನೊಬ್ಬನೂ ಹೊರಗೆ ಬರ್ಬೇಕು."

"ಚಾಕು ಹಾಕಿದವನಾ?"

"ಅವನೇ."

ಹುಲ್ಡಾ ಹೆಣಿಗೆ ಇಳಿಸಿದಳು. ಎದ್ದು ಮನೆಯ ಚಾಕು, ಕತ್ತರಿ, ರೊಟ್ಟಿ ಕೊಯ್ಯುವ ಕತ್ತಿ ಎಲ್ಲವನ್ನೂ ಹಿಟ್ಟಿನ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕೂತಳು. "ಹೂಂ, ತೆಗಿ. ನನ್ನನ್ನ ಎತ್ತಿ ಆಮೇಲೆ ಚಾಕು ತಗೊಳ್ಲಿ, ನೋಡೋಣ."

ಬೀಗದೊಳಗೆ ಕೀಲಿ ತಿರುಗಿದಾಗ ಆದ ಸದ್ದು ಥೋರಾಳ ಎದೆಯೊಳಗೇ ಆದಂತಾಯಿತು. ಡೆಲ್ಬರ್ಟ್ ಮುದುಕನನ್ನು ಮಗುವಿನಂತೆ ಎತ್ತಿಕೊಂಡು ಬಂದು ಒಲೆಯ ಮುಂದೆ ಮಲಗಿಸಿದ. ಬಿಸಿ ಹಾಲು ಎರಡು ಗುಟುಕು ಒಳಗೆ ಹೋದಮೇಲೆ ಮಿಲೊ ಮತ್ತೆ ನಡುಗಲು ಶುರುಮಾಡಿದ. ಕಣ್ಣು ಬಿಟ್ಟು ಹುಲ್ಡಾಳನ್ನು ನೋಡಿ, "ಸ್ವರ್ಗದಲ್ಲೂ ಈ ಮುದುಕಿನಾ?" ಎಂದ.

"ನಿನಗೆ ಸ್ವರ್ಗ ಬೇರೆ ಕೇಡು. ಕುಡಿ ಸುಮ್ನೆ," ಎಂದಳು ಹುಲ್ಡಾ.

ಮಧ್ಯಾಹ್ನ ಕಳೆಯಿತು. ಆರ್ವಿಡ್ ಬರಲಿಲ್ಲ. ಸೌದೆಯ ರಾಶಿ ಕರಗುತ್ತಾ ಬಂತು. ಕೋರ್ಟಿನ ನೆಲಮಾಳಿಗೆಯಲ್ಲಿ ಕಲ್ಲಿದ್ದಲು ಬೇಕಾದಷ್ಟಿತ್ತು; ಆದರೆ ನಡುವಿನ ಅಂಗಳದಲ್ಲಿ ಚಾಚಿದ ಕೈ ಕಾಣುವಂತಿರಲಿಲ್ಲ.

"ನಾನು ತರ್ತೀನಿ," ಎಂದ ಡೆಲ್ಬರ್ಟ್. "ಬಟ್ಟೆ ಒಣಗಿಸೋ ಹಗ್ಗ ಸೊಂಟಕ್ಕೆ ಕಟ್ಟಿ. ಒಂದು ತುದಿ ನೀವು ಹಿಡ್ಕೊಳ್ಳಿ."

ಥೋರಾ ಮೊದಲ ಸಲ ಅವನ ಮುಖ ನೋಡಿದಳು. ಅಲ್ಲಿ ಏನೂ ತಿಳಿಯಲಿಲ್ಲ. ಒಲೆಯಲ್ಲಿ ಉಳಿದ ಕೊನೆಯ ಸೌದೆಗಳನ್ನು ನೋಡಿದಳು, ಮುದುಕನನ್ನು ನೋಡಿದಳು. ಗಂಡನ ಹಳೆಯ ಕೋಟನ್ನು ತಂದು ಡೆಲ್ಬರ್ಟ್‌ಗೆ ತೊಡಿಸಿ, ತಾನೇ ಹಗ್ಗದ ಗಂಟು ಹಾಕಿದಳು.

ಹಗ್ಗ ಅವಳ ಅಂಗೈಯಲ್ಲಿ ಜಾರುತ್ತಾ ಹೋಯಿತು. ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಆಮೇಲೆ ಹಾಗೆಯೇ ನಿಂತಿತು. ಕಾದಳು. ಕೂಗಿದಳು, ಗಾಳಿ ಅವಳ ಬಾಯಿಂದಲೇ ಮಾತನ್ನು ಕಿತ್ತುಕೊಂಡಿತು. ಕೊನೆಗೆ ಎಳೆದಳು. ಹಗ್ಗ ಒಂದು ಕ್ಷಣ ಎಲ್ಲೋ ತಡೆದು, ಆಮೇಲೆ ಹಗುರವಾಗಿ ಬಂತು. ತುದಿಯಲ್ಲಿ ಯಾರೂ ಇರಲಿಲ್ಲ, ಗಂಟು ಬಿಚ್ಚಿತ್ತು.

"ಹೋದ," ಎಂದಳು ಥೋರಾ, ನೆಲದ ಮೇಲೆ ಕೂತು. "ಆರ್ವಿಡ್‌ನ ಕೋಟನ್ನೇ ಹಾಕಿ ಕಳಿಸಿದೆನಲ್ಲ ಅತ್ತೆ. ನಾಳೆ ಜಡ್ಜ್ ನಿಮ್ಮ ಮಗನ್ನ ನಿಲ್ಲಿಸಿ ಕೇಳಿದ್ರೆ ಏನಂತಾರೆ?"

"ಮೊದ್ಲು ಆರ್ವಿಡ್ ಬದುಕಿ ಬರ್ಲಿ," ಎಂದಳು ಹುಲ್ಡಾ. ಮಗನ ಹೆಸರೆತ್ತುವಾಗ ಅವಳ ದನಿ ಒಡೆಯಿತು. ಆ ಮುದುಕಿ ಹೆದರಿದ್ದನ್ನು ಥೋರಾ ಕಂಡದ್ದು ಅದೇ ಮೊದಲು.

ಆ ರಾತ್ರಿ ಅವರು ಎರಡು ಕುರ್ಚಿ, ಒಂದು ಹಳೆಯ ತೊಟ್ಟಿಲು ಸುಟ್ಟು ಮುದುಕನನ್ನು ಉಳಿಸಿಕೊಂಡರು. ಕಿಟಕಿ ಅಲುಗಿದಾಗಲೆಲ್ಲ ಥೋರಾಳಿಗೆ ಎರಡು ಹೆಣ ಕಾಣುತ್ತಿದ್ದವು: ಒಂದು ಗಂಡನದು, ಇನ್ನೊಂದು ಗಂಡನ ಕೋಟು ತೊಟ್ಟವನದು. ತಪ್ಪಿಸಿಕೊಂಡು ಹೋಗಿರಲಿ ದೇವರೇ, ಸಾಯದೆ ಇರಲಿ, ಎಂದು ಬೇಡಿಕೊಳ್ಳುತ್ತಿದ್ದಳು. ಮರುಗಳಿಗೆಯೇ, ಎಲ್ಲಿಗೂ ಹೋಗದಿರಲಿ ಎನ್ನುತ್ತಿದ್ದಳು.

ಬೆಳಕು ಹರಿಯುವಾಗ ಗಾಳಿ ನಿಂತಿತು. ಹಿತ್ತಿಲ ಬಾಗಿಲಿಗೆ ಯಾರೋ ಒದ್ದರು. ತೆಗೆದರೆ ಡೆಲ್ಬರ್ಟ್, ಹೆಗಲ ಮೇಲೆ ಕಲ್ಲಿದ್ದಲಿನ ಮೂಟೆ, ಹುಬ್ಬಿನ ತುಂಬ ಹಿಮ.

"ಹಗ್ಗ ಯಾವುದೋ ಕಂಬಕ್ಕೆ ಸುತ್ಕೊಂಡು ಮುಂದೆ ಹೋಗೋಕೇ ಬಿಡ್ಲಿಲ್ಲ. ಬಿಚ್ಚಿದೆ. ಗೋಡೆ ತಡವ್ಕೊಂಡು ಕೋರ್ಟು ಸೇರಿದೆ, ವಾಪಸ್ ಬರೋ ದಾರಿ ಸಿಗ್ಲಿಲ್ಲ." ಮೂಟೆ ಇಳಿಸಿ ಅವಳ ಕೆಂಪಾದ ಕಣ್ಣು ನೋಡಿದ. "ಓಡಿಹೋದೆ ಅಂದ್ಕೊಂಡ್ರಾ?"

"ಹೌದು," ಎಂದಳು ಥೋರಾ.

"ನಾನಾಗಿದ್ರೂ ಹಾಗೇ ಅಂದ್ಕೋತಿದ್ದೆ," ಎಂದು ನೆಲಮಾಳಿಗೆಗೆ ಇಳಿದು ಒಲೆ ಹೊತ್ತಿಸಿದ.

ಆರ್ವಿಡ್ ಮಧ್ಯಾಹ್ನ ಬಂದ. ಮಕ್ಕಳೆಲ್ಲ ಒಂದು ಹೊಲದ ಮನೆಯಲ್ಲಿ ಕ್ಷೇಮವಾಗಿದ್ದರು. ಬಂದವನು ನೋಡಿದ್ದು: ತನ್ನ ಮೇಜಿಗೆ ಇಬ್ಬರು ಕೈದಿಗಳು ಕೂತು ಬಟಾಣಿ ಸೂಪು ಕುಡಿಯುತ್ತಿದ್ದಾರೆ, ಅಮ್ಮ ಹಿಟ್ಟಿನ ಡಬ್ಬದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಅವನು ಬೈಯಲಿಲ್ಲ. ಮೊದಲು ಡಾಕ್ಟರನ್ನು ಕರೆಸಿದ. ಮಿಲೊನ ಎರಡು ಕಾಲ್ಬೆರಳು ಹೋದವು, ಜೀವ ಉಳಿಯಿತು.

ಸುದ್ದಿ ಅಡಗಲಿಲ್ಲ. ಜಡ್ಜ್ ಥೋರಾಳನ್ನು ಕರೆಸಿ ಕೇಳಿದರು, "ಬೀಗ ತೆಗೀಬಾರದು ಅಂತ ನಿಮಗೆ ಗೊತ್ತಿತ್ತಲ್ಲಮ್ಮ?"

"ಗೊತ್ತಿತ್ತು ಸ್ವಾಮಿ. ಬೆಚ್ಚಗಿಡ್ಬೇಕು ಅಂತಾನೂ ನೀವೇ ಹೇಳಿದ್ರಿ. ಎರಡೂ ಮಾಡೋಕೆ ನನಗೆ ದಾರಿ ಕಾಣ್ಲಿಲ್ಲ."

ಜಡ್ಜ್ ಇನ್ನು ಮುಂದೆ ಬೀಗ ತೆಗೆಯುವ ಅಧಿಕಾರವಿರುವ ಒಬ್ಬ ಆಳು ಜೈಲಿನಲ್ಲಿ ಸದಾ ಇರಲೇಬೇಕೆಂದು ಕೌಂಟಿಗೆ ಆಜ್ಞೆ ಮಾಡಿದರು. ಕೌಂಟಿ ಆ ಕೆಲಸಕ್ಕೆ ಥೋರಾಳನ್ನೇ ನೇಮಿಸಿ ಪ್ರಮಾಣ ಮಾಡಿಸಿತು. ಡೆಲ್ಬರ್ಟ್‌ಗೆ ವಸಂತದಲ್ಲಿ ಶಿಕ್ಷೆಯಾಯಿತು. ಆ ರಾತ್ರಿಯ ಮಾತನ್ನು ವಕೀಲ ಎಷ್ಟು ಎತ್ತಿ ಹೇಳಿದರೂ ಚಾಕುವಿನ ಗಾಯ ಗಾಯವೇ ಎಂದಿತು ಕೋರ್ಟು. ರಾಜ್ಯದ ದೊಡ್ಡ ಜೈಲಿಗೆ ಅವನನ್ನು ಒಯ್ಯುವ ಬೆಳಿಗ್ಗೆ ಥೋರಾ ತಾನೇ ಬೀಗ ತೆಗೆದಳು. ಮುಖ ತಿರುಗಿಸಲಿಲ್ಲ. ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟು, "ಬಿಸಿ ಇದೆ, ದಾರೀಲೇ ತಿನ್ನು," ಎಂದಳು.