ಮೇಸ್ತ್ರಿಯ ಅಂಗಿಯ ಧೂಳು

ಬಾಯ್ಲರ್ ಮೇಸ್ತ್ರಿ ಎಂದರೆ ಆ ಊರಿಗೆಲ್ಲ ಅವನೊಬ್ಬನೇ ಉಳಿದಿದ್ದ. ಮೀಸೆ ಮೂಡುವ ಮೊದಲೇ ಲೋಕೋ ಶೆಡ್ಡಿಗೆ ಸೇರಿದವನು. ಕಡ್ಡಿ ಪೈಲ್ವಾನನಂತಿದ್ದುದರಿಂದ ಹಬೆ ಎಂಜಿನ್ನುಗಳ ಹೊಟ್ಟೆಯೊಳಗೆ ನುಸುಳಿ ತುಕ್ಕು ಕೆರೆಯುವ ಕೆಲಸ ಅವನ ಪಾಲಿಗೆ ಬಂತು. ಕೆಲಸ ಕೈಗೆ ಹತ್ತಿತು, ಹುಡುಗ ಮೇಸ್ತ್ರಿಯಾದ. ಅಷ್ಟರಲ್ಲಿ ಡೀಸೆಲ್ ಎಂಜಿನ್ನುಗಳು ಬಂದವು. ಹಬೆಯವು ಶೆಡ್ಡಿನ ಹಿಂದಿನ ಹಳಿಯ ಮೇಲೆ ಒಂದರ ಬೆನ್ನಿಗೊಂದು ನಿಂತು ಗುಜರಿಗೆ ಕಾದವು. ರಿಪೇರಿ ಮಾಡುತ್ತಿದ್ದ ಕೈಗೇ ಗ್ಯಾಸ್ ಕಟರ್ ಕೊಟ್ಟು, ಇನ್ನು ಇವನ್ನೆಲ್ಲ ಕೊಯ್ದು ಹಾಕು ಎಂದರು.

ಮದುವೆಯಾದ ಹೊಸತು. ಹೆಂಡತಿ ಬಟ್ಟೆ ಹೊಲಿಯುವವರ ಮನೆಯ ಮಗಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಸಂಜೆ ಮನೆಗೆ ಬಂದ ಗಂಡ ತಟ್ಟೆಯ ಮುಂದೆ ಕೂತು ತುತ್ತೆತ್ತದೆ ಗೋಡೆ ನೋಡುತ್ತಿದ್ದರೆ, ಕಬ್ಬಿಣ ಕೊಯ್ದು ಬಂದಿದ್ದೀರೋ ಹೆಣ ಕೊಯ್ದು ಬಂದಿದ್ದೀರೋ ಎಂದು ಕೇಳುತ್ತಿದ್ದಳು. ಅವನು ಎರಡೂ ಒಂದೇ ಎನ್ನುತ್ತಿದ್ದ.

ಸಾಲಿನ ಕೊನೆಯಲ್ಲಿ ನಿಂತಿದ್ದದ್ದು ಗಿಡ್ಡಿ. ಕುಳ್ಳಗೆ, ಡೊಳ್ಳು ಹೊಟ್ಟೆಯ, ಉದ್ದ ಕೊಳವೆಯ ಆ ಪುಟ್ಟ ಎಂಜಿನ್ನಿಗೆ ಶೆಡ್ಡಿನವರೇ ಇಟ್ಟ ಹೆಸರು ಅದು. ಅದರ ಸರದಿ ಬರುವ ಹೊತ್ತಿಗೆ, ರೈಲಿನ ಹುಚ್ಚು ಹತ್ತಿಸಿಕೊಂಡ ನಾಲ್ಕಾರು ಮಂದಿ ಊರಿನಲ್ಲಿ ಸಂಘ ಕಟ್ಟಿದ್ದರು. ಅವರ ಮುಂದಾಳು ಒಬ್ಬ ವಕೀಲರು. ಪಾಳುಬಿದ್ದ ಸರಕು ಗೋದಾಮನ್ನು ರೈಲು ವಸ್ತುಸಂಗ್ರಹಾಲಯ ಮಾಡುವುದು, ಮುಚ್ಚಿಹೋಗಿದ್ದ ಕಣಿವೆಯ ಕವಲು ಹಳಿಯನ್ನು ಸರಿಪಡಿಸಿ ಅದರ ಮೇಲೆ ಗಿಡ್ಡಿಗೆ ಎರಡು ಮರದ ಬೋಗಿ ಕಟ್ಟಿ ಪ್ರವಾಸಿಗಳನ್ನು ಓಡಾಡಿಸುವುದು, ಇದು ಅವರ ಕನಸು. ವಕೀಲರು ಓಡಾಡಿ, ಕಂಡವರ ಕಾಲು ಹಿಡಿದು ಗಿಡ್ಡಿಯನ್ನು ಗುಜರಿಯವರ ಬಾಯಿಂದ ಬಿಡಿಸಿಕೊಂಡರು. ಆಮೇಲೆ ನೆಟ್ಟಗೆ ಮೇಸ್ತ್ರಿಯ ಮನೆಗೆ ಬಂದು, ಇದಕ್ಕೆ ಜೀವ ಕೊಡಲು ಬರುತ್ತೀಯಾ ಎಂದು ಕೇಳಿದರು. ಮೇಸ್ತ್ರಿ ಕುಡಿಯುತ್ತಿದ್ದ ಟೀ ಲೋಟವನ್ನು ಅಲ್ಲೇ ಇಟ್ಟು ಅವರ ಹಿಂದೆ ಹೊರಟ.

ಅಲ್ಲಿಂದಾಚೆ ಅವನು ಮನೆಗೆ ನೆಂಟನಂತಾದ. ಗಿಡ್ಡಿಯ ಹೊರಗಿನ ತಗಡು ಬಿಚ್ಚಿದರೆ ಒಳಗೆ ಬಾಯ್ಲರಿನ ಸುತ್ತ ದಪ್ಪಗೆ ಬಿಳಿಯ ಹೊದಿಕೆ. ಬಿಸಿ ಆರದಿರಲೆಂದು ಹಿಂದಿನವರು ಮೆತ್ತಿದ್ದು. ಸುಣ್ಣಕ್ಕೆ ಹತ್ತಿ ಕಲಸಿ ಒಣಗಿಸಿದ ಹಾಗಿತ್ತು. ಅದನ್ನೆಲ್ಲ ಕಿತ್ತರೆ ಮಾತ್ರ ಬಾಯ್ಲರಿನ ತುಕ್ಕು ಕಣ್ಣಿಗೆ ಬೀಳುವುದು. ಮೇಸ್ತ್ರಿ ಉಳಿ ಹಿಡಿದು ದಿನಗಟ್ಟಲೆ ಕೆರೆದ. ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ ಧೂಳು ಹಾರುತ್ತಿತ್ತು.

ಧೂಳು ಎದೆಗೆ ಒಳ್ಳೆಯದಲ್ಲ ಎಂದು ಹೆಂಡತಿ ಹಳೆಯ ದುಪ್ಪಟಿ ಕತ್ತರಿಸಿ, ನಾಲ್ಕು ಪದರ ಮಡಿಸಿ, ಲಾಡಿ ಹಾಕಿ ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಗಳನ್ನು ಹೊಲಿದುಕೊಟ್ಟಳು. ಕಟ್ಟಿಕೊಳ್ಳದೆ ಹೋದರೆ ಶೆಡ್ಡಿನ ತನಕ ಅಟ್ಟಿಸಿಕೊಂಡು ಬರುವವಳೇ. ಮೇಸ್ತ್ರಿ ಅವಳ ಮಾತು ಮೀರುತ್ತಿರಲಿಲ್ಲ. ಸಂಜೆ ಅವನು ಅಡಿಯಿಂದ ಮುಡಿಯವರೆಗೆ ಬಿಳಿಯಾಗಿ ಬಂದರೆ, ಹಿತ್ತಲ ಬಾಗಿಲಲ್ಲೇ ಅಂಗಿ ಪ್ಯಾಂಟು ಬಿಚ್ಚಿಸುತ್ತಿದ್ದಳು. ಒದ್ದೆಯಾದರೆ ಧೂಳು ಅಂಟಿನಂತೆ ಹಿಡಿದುಕೊಳ್ಳುತ್ತದೆಂದು ಮೊದಲು ಅವನ್ನು ಗೋಡೆಗೆ ಬಡಿದು ಬಡಿದು ಕೊಡವುತ್ತಿದ್ದಳು. ಆಮೇಲೆ ಬಕೆಟ್ಟಿಗೆ.

“ನನ್ನ ಸವತಿ ಇವತ್ತು ಪೌಡರ್ ಜಾಸ್ತಿನೇ ಹಚ್ಚಿ ಕಳಿಸಿದಾಳೆ” ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು. ಪುಟ್ಟ ಮಗಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಬಿದ್ದ ಧೂಳಿನಲ್ಲಿ ಬೆರಳಾಡಿಸಿ ರೈಲು ಬರೆಯುತ್ತಿದ್ದಳು.

ವರ್ಷಗಳು ಹಿಡಿದರೂ ಗಿಡ್ಡಿ ಎದ್ದಿತು. ಮೊದಲ ಸಲ ಬೆಂಕಿ ಹಾಕಿ ಹಬೆ ಏರಿ ಅದು ಕೂಗಿದ ದಿನ ವಕೀಲರು ಎಲ್ಲರೆದುರು ಅತ್ತರು. ಮೇಸ್ತ್ರಿ ಅಳಲಿಲ್ಲ, ಮೀಸೆಯಡಿ ನಕ್ಕ. ರಜಾ ದಿನಗಳಲ್ಲಿ ಎರಡು ಬೋಗಿ ಕಟ್ಟಿಕೊಂಡು ಗಿಡ್ಡಿ ಕಣಿವೆ ದಾಟತೊಡಗಿತು. ದೂರದೂರದಿಂದ ಜನ ಬಂದರು. ಮೇಸ್ತ್ರಿಯ ಹೆಂಡತಿಯೊಬ್ಬಳು ಮಾತ್ರ ಹತ್ತಲಿಲ್ಲ. ಓಡುವ ದಿನ ಅವನಿಗೆ ಮೈತುಂಬ ಕೆಲಸ, ಇವಳಿಗೆ ಮನೆತುಂಬ. ಸವತಿ ಎಲ್ಲಿಗೆ ಓಡಿಹೋಗುತ್ತಾಳೆ, ಇನ್ನೊಂದು ದಿನ ಕೂತರಾಯಿತು ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಮಗಳು ಬೆಳೆದಳು, ಮದುವೆಯಾದಳು, ಎರಡು ಬೀದಿಯಾಚೆ ಔಷಧಿ ಅಂಗಡಿ ಇಟ್ಟಳು.

ಹೆಂಡತಿಗೆ ಕೆಮ್ಮು ಶುರುವಾದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮಗಳು ಅಂಗಡಿಯಿಂದ ಸಿರಪ್ಪು ತಂದುಕೊಟ್ಟಳು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಪಕ್ಕೆಯಲ್ಲಿ ನೋವು, ಆ ಜೋರು ನಗು ಅರ್ಧಕ್ಕೇ ನಿಲ್ಲುವುದು. ದೊಡ್ಡಾಸ್ಪತ್ರೆಯಲ್ಲಿ ಎದೆಯಿಂದ ನೀರು ತೆಗೆದರು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಹೆಂಡತಿ ಯಾವ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಳು ಎಂದು ವಿಚಾರಿಸಿದರು. ನನಗೆ ಮನೆಯೇ ಫ್ಯಾಕ್ಟರಿ ಎಂದು ಅವಳು ನಕ್ಕು ಕೆಮ್ಮಿದಳು. ಹಾಗಾದರೆ ಮನೆಯವರ ಕೆಲಸವೇನು ಎಂದು ಅವರು ಮೇಸ್ತ್ರಿಯತ್ತ ತಿರುಗಿದರು.

ಯಾರು ಕೇಳಿದರೂ ಹೇಳುತ್ತಿದ್ದ ಹಾಗೆ ಮೇಸ್ತ್ರಿ ಸ್ವಲ್ಪ ಎದೆಯುಬ್ಬಿಸಿಯೇ ಗಿಡ್ಡಿಯ ಕಥೆ ಹೇಳಿದ. ತಗಡು ಬಿಚ್ಚಿದ್ದು, ಬಿಳಿ ಹೊದಿಕೆ ಕೆರೆದದ್ದು, ಮನೆಗೆ ಬಂದರೆ ಹೆಂಡತಿಗೇ ಗುರುತು ಸಿಗದಷ್ಟು ಬಿಳಿಯಾಗಿರುತ್ತಿದ್ದದ್ದು. ಡಾಕ್ಟರಮ್ಮನ ಪೆನ್ನು ನಿಂತಿತು.

“ಆ ಬಟ್ಟೆ ಯಾರು ಒಗೀತಿದ್ರು?”

ಉತ್ತರ ಬಾಯಿಗೆ ಬರುವ ಮೊದಲೇ ಮೇಸ್ತ್ರಿಗೆ ಎಲ್ಲ ತಿಳಿದುಹೋಯಿತು. ಆಮೇಲೆ ಅವರು ಹೇಳಿದ್ದು ದೂರದಿಂದ ಯಾರೋ ಓದಿದ ಹಾಗೆ ಕೇಳಿಸಿತು. ಅದು ಕಲ್ನಾರು, ಆಸ್‌ಬೆಸ್ಟಾಸ್ ಅನ್ನುತ್ತಾರಲ್ಲ ಅದು. ಕಣ್ಣಿಗೆ ಕಾಣದ ಅದರ ಎಳೆಗಳು ಎದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲ. ಹತ್ತಿಪ್ಪತ್ತು ವರ್ಷ, ಇನ್ನೂ ಹೆಚ್ಚು ಸುಮ್ಮನಿದ್ದು ಆಮೇಲೆ ಏಳುತ್ತವೆ. ಇದು ಶ್ವಾಸಕೋಶದ ಪೊರೆಗೆ ಬರುವ ಕ್ಯಾನ್ಸರ್, ಗುಣವಾಗುವ ಕಾಯಿಲೆಯಲ್ಲ, ನೋವು ಕಡಿಮೆ ಮಾಡಬಹುದು. ಮೇಸ್ತ್ರಿಯ ಎದೆಯ ಫೋಟೋ ಕೂಡ ತೆಗೆಸಿದರು. ಏನೂ ಇರಲಿಲ್ಲ. ಮುಖಕ್ಕೆ ಕಟ್ಟಿದ ಬಟ್ಟೆ ಕಾಪಾಡಿತೋ ಎಂದು ಅವನು ಕೇಳಿದ. ಬಟ್ಟೆಗೆ ಅದನ್ನು ತಡೆಯುವ ಶಕ್ತಿಯಿಲ್ಲ, ಕೆಲವರಿಗೆ ಬರುತ್ತದೆ ಕೆಲವರಿಗೆ ಬರುವುದಿಲ್ಲ, ಯಾಕೆಂದು ನಮಗೂ ಗೊತ್ತಿಲ್ಲ ಎಂದರು ಡಾಕ್ಟರಮ್ಮ. ತನ್ನ ಎದೆಯಲ್ಲೂ ಕಲೆ ಕಂಡಿದ್ದರೆ ಚೆನ್ನಾಗಿತ್ತು ಎಂದು ಮೇಸ್ತ್ರಿಗೆ ಅನ್ನಿಸಿತು.

ಮಗಳು ಸುದ್ದಿ ಕೇಳಿ ಅಳಲಿಲ್ಲ. ವಕೀಲರಿಗೆ ಗೊತ್ತಿರಲಿಲ್ಲವೇ, ಅಷ್ಟು ಓದಿದವರು ಒಬ್ಬರಾದರೂ ಇದು ಏನೆಂದು ಕೇಳಲಿಲ್ಲವೇ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ ಎಂದ ಮೇಸ್ತ್ರಿ. ತಾನೇ ತಿದ್ದಿಕೊಂಡು, ಯಾರೂ ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ, ಎಂಜಿನ್ ಎದ್ದರೆ ಸಾಕಾಗಿತ್ತು ಎಂದ. ಮಗಳು ಒಳಗೆ ಹೋಗಿ ಅಮ್ಮನ ದಿಂಬು ಸರಿಮಾಡತೊಡಗಿದಳು.

ಅವತ್ತಿನಿಂದ ಅವನು ಶೆಡ್ಡಿನ ಕಡೆ ತಲೆಹಾಕಲಿಲ್ಲ. ಹೆಂಡತಿಯ ಪಕ್ಕದಲ್ಲೇ ಕೂತಿರುತ್ತಿದ್ದ. ಅಡುಗೆ ಕಲಿತ, ಕೆಟ್ಟದಾಗಿ ಕಲಿತ. ಅವಳು ಎರಡು ತುತ್ತು ತಿಂದು, ಬಾಯ್ಲರಿಗೆ ಹಾಕುವುದನ್ನು ನನಗೆ ಹಾಕಬೇಡಿ ಎನ್ನುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತಾ, ಮುಖ ನೋಡದೆ ಕೇಳಿಬಿಟ್ಟ.

“ನನ್ನ ಮೇಲೆ ಸಿಟ್ಟು ಬಂದಿದ್ಯಾ?”

ಅವಳು ಒಂದೊಂದೇ ಮಾತಿಗೆ ಉಸಿರು ತೆಗೆದುಕೊಂಡು ಹೇಳಿದಳು. “ಬಂದಿಲ್ಲ ಅಂತ ಸುಳ್ಳು ಹೇಳ್ಲಾ? ಬಂದಿದೆ. ಇಟ್ಕೊಳ್ಳೋಕೆ ಜಾಗ ಎಲ್ಲಿದೆ ರೀ, ಉಸಿರಿಗೇ ಜಾಗ ಇಲ್ಲ.”

ಅವನು ಅವಳ ಪಾದ ಹಿಡಿದುಕೊಂಡೇ ಅತ್ತ. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅವನ ಅಳು ಮುಗಿಯಲು ಬಿಟ್ಟು, ತನ್ನನ್ನೊಮ್ಮೆ ಗಿಡ್ಡಿಯ ರೈಲಿನಲ್ಲಿ ಕೂರಿಸಬೇಕೆಂದಳು. ಮೇಸ್ತ್ರಿ ಬೆಚ್ಚಿಬಿದ್ದ. ಬೇರೆ ಏನು ಬೇಕಾದರೂ ಕೇಳು, ಅದರ ಮುಖ ನೋಡಲು ನನ್ನ ಕೈಲಾಗುವುದಿಲ್ಲ ಎಂದ. ನಿಮ್ಮ ಕೈಲಾಗದಿದ್ದರೆ ನಾನೊಬ್ಬಳೇ ಹೋಗುತ್ತೇನೆ, ನನ್ನನ್ನು ಹೀಗೆ ಮಾಡಿದವಳು ಹೇಗಿದ್ದಾಳೆಂದು ನೋಡಬೇಕು ಎಂದಳು. ಮಗಳು ಕೂಗಾಡಿದಳು. ಅಮ್ಮ ಹಟ ಬಿಡಲಿಲ್ಲ.

ರಜಾ ದಿನದ ಬೆಳಿಗ್ಗೆ ವಕೀಲರ ಕಾರಿನಲ್ಲಿ ಹೋದರು. ವಕೀಲರಿಗೂ ಆಗ ವಯಸ್ಸಾಗಿತ್ತು; ಕಾರು ನಿಲ್ಲಿಸಿ ಕೈಮುಗಿದು ನಿಂತರು. ಮೇಸ್ತ್ರಿ ಹೆಂಡತಿಯನ್ನು ಹೆಚ್ಚುಕಡಿಮೆ ಎತ್ತಿಯೇ ಬೋಗಿ ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದ. ಮರದ ಸೀಟುಗಳಿಗೆ ಹೊಸ ವಾರ್ನಿಷ್ ಹೊಡೆದಿದ್ದರು. ಸುತ್ತ ಪ್ರವಾಸಿ ಮಕ್ಕಳ ಗಲಾಟೆ. ಮುಂದೆ ಗಿಡ್ಡಿ ಒಮ್ಮೆ ಕೂಗಿ, ಜಗ್ಗಿ, ಹೊರಟಿತು.

ಹೊಲಗಳು ಹಿಂದೆ ಸರಿದವು, ಕಣಿವೆಯ ತಿರುವು ಬಂತು. ಅಲ್ಲಿ ರೈಲು ಬಿಲ್ಲಿನಂತೆ ಬಾಗಿದಾಗ ಕಿಟಕಿಯಿಂದಲೇ ಎಂಜಿನ್ ಕಂಡಿತು. ಕರಿಯ ಹೊಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು, ಹಿತ್ತಾಳೆಯ ಪಟ್ಟಿಗಳು ಮಿನುಗುತ್ತಿದ್ದವು. ಹೊಗೆಯ ಒಂದು ಸುರುಳಿ ಬೋಗಿಯೊಳಗೆ ನುಗ್ಗಿತು. ಅವಳಿಗೆ ಕೆಮ್ಮು ಕಿತ್ತುಕೊಂಡು ಬಂತು, ತುಟಿ ನೀಲಿಯಾಯಿತು. ಗಾರ್ಡು ಓಡಿಬಂದು ರೈಲು ನಿಲ್ಲಿಸಲೇ ಎಂದರೆ ಬೇಡವೆಂದು ಕೈ ಆಡಿಸಿದಳು. ಕಿಟಕಿ ಮುಚ್ಚಲು ಹೋದ ಮೇಸ್ತ್ರಿಯ ಕೈಯನ್ನೂ ಹಿಡಿದಳು. ಸೇತುವೆ ದಾಟುವ ತನಕ ಕಣ್ಣು ಮಿಟುಕಿಸದೆ ಗಿಡ್ಡಿಯನ್ನೇ ನೋಡಿದಳು.

“ಚೆನ್ನಾಗಿದೆ ರೀ” ಎಂದಳು. “ಚೆನ್ನಾಗಿರಬಾರದಿತ್ತು.”

ಆಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಆಸ್ಪತ್ರೆಯಲ್ಲಿ, ಮೇಸ್ತ್ರಿ ಕೆಳಗಿಳಿದು ಬಿಸಿನೀರು ಹಿಡಿದುಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಗಳು ಹಾಸಿಗೆಯ ಪಕ್ಕದಲ್ಲಿದ್ದಳು. ಅವನು ಫ್ಲಾಸ್ಕನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ; ಯಾರೋ ಬಂದು ಕೈಯಿಂದ ತೆಗೆದುಕೊಂಡರು.

ಮುಂದಿನ ವರ್ಷ ಸಂಘದವರು ಎಲ್ಲಿಂದಲೋ ಇನ್ನೊಂದು ಹಳೆಯ ಎಂಜಿನ್ ತಂದರು. ಯಾವುದೋ ಕಾರ್ಖಾನೆಯ ಅಂಗಳದಲ್ಲಿ ಗಿಡಗಂಟಿಗಳ ನಡುವೆ ಬಿದ್ದಿದ್ದು. ಲಾರಿಯಿಂದ ಇಳಿಸುವಾಗ ಊರಿಗೆ ಊರೇ ನೆರೆದಿತ್ತು. ಸುದ್ದಿ ಕೇಳಿ ಮೇಸ್ತ್ರಿಯೂ ಬಂದ. ಹರಿದ ತಗಡಿನ ಸಂದಿಯಲ್ಲಿ ಅದೇ ಬಿಳಿಯದು ಇಣುಕುತ್ತಿತ್ತು. ಹೊಸದಾಗಿ ಸೇರಿದವರು ಆಗಲೇ ಸ್ಪ್ಯಾನರು ಹಿಡಿದು ತಗಡಿಗೆ ಕೈ ಹಾಕಿದ್ದರು. ಅವನು ಹೋಗಿ ಎಂಜಿನ್ನಿಗೆ ಬೆನ್ನು ಕೊಟ್ಟು ನಿಂತ. ಇದನ್ನು ಮುಟ್ಟುವುದಾದರೆ ಮೊದಲು ನನ್ನನ್ನು ದಾಟಿ ಹೋಗಿ ಎಂದ. ಯಾರೋ ಗೊಣಗಿದರು. ವಕೀಲರು ಬಂದು ಅವನ ಪಕ್ಕದಲ್ಲಿ ತಾವೂ ನಿಂತ ಮೇಲೆ ಎಲ್ಲರೂ ಸುಮ್ಮನಾದರು.

ಕಲ್ನಾರು ತೆಗೆಯುವ ಕೆಲಸಕ್ಕೆಂದೇ ಇರುವವರು ಬೇರೆ ಊರಿನಿಂದ ಬಂದರು. ಎಂಜಿನ್ನಿಗೆ ಪೂರ್ತಿ ಡೇರೆ ಕಟ್ಟಿ, ತಲೆಯಿಂದ ಕಾಲಿನ ತನಕ ಮುಚ್ಚುವ ಉಡುಪು ತೊಟ್ಟು, ಹೊದಿಕೆಯನ್ನು ನೀರಿನಲ್ಲಿ ನೆನೆಸಿ ನೆನೆಸಿ ಕಿತ್ತು ಚೀಲಗಳಿಗೆ ತುಂಬಿದರು. ಹೊರಗೆ ಬರುವಾಗ ಒಂದು ಚೂರು ಬಟ್ಟೆಯನ್ನೂ ಮನೆಗೆ ಒಯ್ಯದೆ ಅಲ್ಲೇ ಎಸೆದು ಮೈ ತೊಳೆದುಕೊಂಡರು. ಮೇಸ್ತ್ರಿ ಬೇಲಿಯಾಚೆ ಕಲ್ಲಿನ ಮೇಲೆ ಕೂತು ಎಲ್ಲ ನೋಡಿದ. ಇಷ್ಟೇನಾ ಮಾಡಬೇಕಾಗಿದ್ದದ್ದು ಎಂದು ವಕೀಲರನ್ನು ಕೇಳಿದ.

ಬಾಯ್ಲರಿನ ಕೆಲಸಕ್ಕೆ ಬಾ ಎಂದು ಆಮೇಲೆ ಎಷ್ಟು ಸಲ ಕರೆದರೂ ಅವನು ಹೋಗಲಿಲ್ಲ. ಬೇಕಾದ್ದನ್ನು ಬಾಯಲ್ಲಿ ಹೇಳಿಕೊಟ್ಟ, ಸುತ್ತಿಗೆ ಮುಟ್ಟಲಿಲ್ಲ.

ಮಗಳು ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಚಿಕ್ಕವಳಿದ್ದಾಗ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದ ಸಂಗತಿಯನ್ನು ಅವಳೇ ಅವರಿಗೆ ತಿಳಿಸಿದ್ದಳು. ಅಪ್ಪನಿಗೆ ಅದು ಗೊತ್ತಾದದ್ದು ತಡವಾಗಿ. ಈಗ ಅವಳು ಹೋಗುವಾಗಲೆಲ್ಲ ಅವನೂ ಹೋಗುತ್ತಾನೆ. ಬರಬೇಡ ಅಪ್ಪ, ಸುಮ್ಮನೆ ಆಯಾಸ ಎಂದರೂ ಕೇಳುವುದಿಲ್ಲ. ಬಾಗಿಲ ಹೊರಗಿನ ಬೆಂಚಿನಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂರುತ್ತಾನೆ.

ಕಳೆದ ಸಲ ಅವಳು ಹೊರಗೆ ಬಂದು ಪಕ್ಕದಲ್ಲಿ ಕೂತಳು.

“ಈ ವರ್ಷ ಏನೂ ಇಲ್ಲ ಅಪ್ಪ.”

ಅವನು ತಲೆಯಾಡಿಸಿದ. ಟೋಪಿ ತಲೆಗಿಟ್ಟುಕೊಂಡ, ಆದರೆ ಏಳಲಿಲ್ಲ. ಮಗಳು ಅವಸರ ಮಾಡಲಿಲ್ಲ; ಅವನ ತೋಳಿನೊಳಗೆ ತನ್ನ ತೋಳು ತೂರಿಸಿಕೊಂಡು, ಸರದಿಗೆ ಕಾದವರ ನಡುವೆ ಅವನ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು.