ಓಡುವ ಮೋಟಾರು ನಿಲ್ಲಿಸುವ ಕೆಲಸ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲೂಕುಗಳ ಕುಡಿಯುವ ನೀರಿನ ಪಂಪ್‌ಹೌಸುಗಳನ್ನು ಸುತ್ತುವುದು ನನ್ನ ಕೆಲಸ. ಬ್ಯಾಗಿನಲ್ಲಿ ಅಂಗೈಯಷ್ಟು ಒಂದು ಮೀಟರು ಇರುತ್ತದೆ. ಓಡುತ್ತಿರುವ ಮೋಟಾರಿಗೆ ಅದರ ಕಡ್ಡಿ ತಾಗಿಸಿದರೆ ಮೋಟಾರು ಎಷ್ಟು ನಡುಗುತ್ತಿದೆಯೆಂದು ಅಂಕಿ ಬೀಳುತ್ತದೆ. ಅಂಕಿ ತಿಂಗಳಿಂದ ತಿಂಗಳಿಗೆ ಏರಿದರೆ ಒಳಗಿನ ಬೇರಿಂಗು ಸವೆಯುತ್ತಿದೆ ಎಂದರ್ಥ. ಕೆಡುವ ಮೊದಲೇ ನಿಲ್ಲಿಸಿ, ಬದಲಾಯಿಸಿ ಎಂದು ಬರೆದುಕೊಡುತ್ತೇನೆ. ಚೆನ್ನಾಗಿ ಓಡುತ್ತಿರುವುದನ್ನು ನಿಲ್ಲಿಸಿ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ನನ್ನ ಮಾತು ಕೇಳಿ ನಿಲ್ಲಿಸಿದರೆ ಯಾವ ಅನಾಹುತವೂ ಆಗುವುದಿಲ್ಲ. ಆಗದೇ ಹೋದದ್ದನ್ನು ಯಾರಿಗೆ ತೋರಿಸುವುದು?

ಹಡಗಲಿ ಕಡೆಯ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಿಬಿಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಸಲ ನನ್ನ ಮೀಟರಿಗಿಂತ ಮೊದಲೇ ಅವರು ಹೇಳಿದ್ದು ನಿಜವಾಗಿತ್ತು. ನನ್ನ ವರದಿ ನೋಡುವ ಇಂಜಿನಿಯರಿಗೂ ಆ ಕಿವಿಯ ಮೇಲೆಯೇ ನಂಬಿಕೆ.

ಹೋದ ಬೇಸಿಗೆಯ ಮೊದಲಿಗೆ ನೋಡಿದಾಗ ಅಲ್ಲಿನ ಅಂಕಿ ಮೂರು ತಿಂಗಳಿಂದ ಒಂದೇ ಸಮ ಏರಿತ್ತು. ಮೋಟಾರು ನಿಲ್ಲಿಸಬೇಕೆಂದು ನಾನು ಇಂಜಿನಿಯರಿಗೆ ಫೋನು ಮಾಡಿದೆ. ಅವರು ಫೋನನ್ನು ಆಪರೇಟರ್ ಕೈಗೆ ಕೊಡಲು ಹೇಳಿದರು. ಆಪರೇಟರ್ ಸ್ಕ್ರೂಡ್ರೈವರ್ ಹಚ್ಚಿ ಕಣ್ಣು ಮುಚ್ಚಿ ನಿಂತು, ಆಮೇಲೆ ಫೋನಿನಲ್ಲಿ ಗಟ್ಟಿಯಾಗಿ, "ಸದ್ದು ಸರಿ ಐತ್ರಿ. ಇನ್ನೂ ಓಡ್ತೈತಿ" ಎಂದರು. ನಾನು ಹಟ ಹಿಡಿಯಬಹುದಿತ್ತು. ಅವತ್ತು ಬೆಳಿಗ್ಗೆಯಿಂದ ಮೂರು ಬಸ್ಸು ಬದಲಿಸಿ ದಣಿದಿದ್ದೆ. ಅಂಕಿ ಬರೆದಿಟ್ಟು ಹೊರಟುಬಿಟ್ಟೆ.

ಮೂರು ವಾರಕ್ಕೆ ಬೇರಿಂಗು ಕಚ್ಚಿಕೊಂಡು ಮೋಟಾರು ಸುಟ್ಟುಹೋಯಿತು. ಬದಲಿಗೆಂದು ಇದ್ದ ಇನ್ನೊಂದು ಮೋಟಾರು ಮೊದಲೇ ರಿಪೇರಿಗೆ ಹೋಗಿತ್ತು. ಬಿರುಬಿಸಿಲಿನಲ್ಲಿ ಆ ಪಂಪಿನ ಊರುಗಳಿಗೆ ನಾಲ್ಕು ದಿನ ನಲ್ಲಿ ನೀರಿಲ್ಲ.

ಮೋಟಾರು ಸುಟ್ಟ ಮರುದಿನ ನಾನು ಹೋದಾಗ ಆಪರೇಟರ್ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಮೋಟಾರು ನಿಂತು ಒಳಗೆ ಪೂರ್ತಿ ನಿಶ್ಶಬ್ದ. ನಾನು ಹಿಂದಿನಿಂದಲೇ ಸಿಟ್ಟಿನಲ್ಲಿ, "ಯಜಮಾನ್ರ, ಅವತ್ತು ಖರೇನ ಸದ್ದು ಕೇಳಿದ್ರೇನು?" ಎಂದೆ. ಅವರು ತಿರುಗಲಿಲ್ಲ. ಮತ್ತೊಮ್ಮೆ ಕೇಳಿದೆ. ಆಗಲೂ ಇಲ್ಲ. ಎದುರಿಗೆ ಬಂದು ನಿಂತಾಗ ಬೆಚ್ಚಿಬಿದ್ದು, ನನ್ನ ತುಟಿಗಳನ್ನೇ ನೋಡತೊಡಗಿದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಆರು ತಿಂಗಳಾತು ಯವ್ವಾ," ಎಂದರು. "ಕಿವ್ಯಾಗ ಒಂದ ಸಮ ಗುಂಯ್ ಅಂತೈತಿ. ಮೋಟಾರ್ ನಿಂತರೂ ಅಂತೈತಿ."

ಯಾಕೆ ಹೇಳಲಿಲ್ಲ ಎಂದು ಕೈಸನ್ನೆ ಮಾಡಿದೆ.

"ಎಲ್ಲಾರೂ ನಂಬಿದ್ದು ಈ ಕಿವೀನ. ಅದ ಹೋತು ಅಂತ ಯಾವ ಬಾಯಿಲೆ ಹೇಳ್ಲಿ?"

ಮನೆಯಲ್ಲೂ ಹೇಳಿರಲಿಲ್ಲವಂತೆ. ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಸೊಕ್ಕು ಬಂದಿದೆ ಎಂದು ಹೆಂಡತಿ ಮುನಿಸಿಕೊಂಡಿದ್ದರಂತೆ.

ವರದಿಯಲ್ಲಿ ಇದ್ದದ್ದು ಇದ್ದಹಾಗೆ ಬರೆಯಲು ಅವರೇ ಹೇಳಿದರು. ಅವರ ಕಿವಿಯ ವಿಷಯ ಬರೆದೆ. ಮೂರು ತಿಂಗಳ ಅಂಕಿ ಕೈಯಲ್ಲಿದ್ದೂ ಒಂದು ಫೋನಿಗೆ ನಾನು ಸುಮ್ಮನಾದದ್ದನ್ನೂ ಬರೆದೆ. ನನಗೆ ನೋಟಿಸು ಬಂತು. ಅವರನ್ನು ಊರೊಳಗೆ ಓಣಿಗಳಿಗೆ ನೀರು ಬಿಡುವ ಕೆಲಸಕ್ಕೆ ಹಾಕಿದರು.

ನೀರು ಮತ್ತೆ ಬಂದ ಮೇಲೆ, ಒಂದು ರಜೆಯ ದಿನ, ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಬೇಕೆಂದು ತಿಳಿಸಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ, ಮೈಯೆಲ್ಲ ಬಿಗಿಹಿಡಿದು ಕೂತಿದ್ದರು. ಬಹಳ ಹೊತ್ತಿನ ಮೇಲೆ ಒಂದು ಬೆರಳು ಅರ್ಧ ಮೇಲೆದ್ದು, ಅನುಮಾನಿಸಿ, ಮತ್ತೆ ತೊಡೆಯ ಮೇಲೆ ಇಳಿಯಿತು.